ಹಿಂದಿನ ಕೋಣೆಯ ಪುದೀನ

ಫೆಬ್ರವರಿ 10

ಪುಟ್ಟೀ,

ಪೇಪರಿನಲ್ಲಿ ನಿನ್ನ ಫೋಟೋ ನೋಡಿದೆ. ಮೇಜಿನ ತುಂಬ ಬಣ್ಣಬಣ್ಣದ ತಂಬಾಕಿನ ಡಬ್ಬಿಗಳು, ಹಿಂದೆ ನಿಮ್ಮ ನಗರಸಭೆಯ ದೊಡ್ಡ ಮನುಷ್ಯರು, ಪಕ್ಕದಲ್ಲಿ ಕೈಗವಸು ಹಾಕಿಕೊಂಡು ಮುಖ ಗಂಟು ಹಾಕಿ ನಿಂತ ಆರೋಗ್ಯ ನಿರೀಕ್ಷಕಿ. ಅಂಗಡಿಗೆ ಬಂದವರಿಗೆಲ್ಲ 'ನನ್ನ ಮಗಳು' ಎಂದು ತೋರಿಸಿದೆ. ಆಮೇಲೆ ಕೆಳಗಿನ ಸುದ್ದಿ ಓದಿ ಪೇಪರನ್ನು ಮಡಚಿ ತಕ್ಕಡಿಯ ಕೆಳಗೆ ತಳ್ಳಿಬಿಟ್ಟೆ. ಹಣ್ಣು, ಹೂವು, ಪುದೀನ, ಚಾಕೊಲೇಟು, ಯಾವ ಪರಿಮಳ ಬೆರೆಸಿದ ತಂಬಾಕನ್ನೂ ಇನ್ನು ನಿಮ್ಮ ಊರಿನಲ್ಲಿ ಮಾರಕೂಡದಂತೆ. 'ತಂಬಾಕಿನದಲ್ಲದ ಯಾವ ವಾಸನೆಯೂ ಇರಬಾರದು' ಎಂದು ನಿಯಮದಲ್ಲಿ ಬರೆದಿದ್ದಾರೆ. ನಾನು ಇಷ್ಟು ವರ್ಷ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬೆರೆಸಿದ್ದನ್ನೆಲ್ಲ ಒಂದೇ ಸಾಲಿನಲ್ಲಿ ಗುಡಿಸಿ ಹಾಕಿದ್ದೀರಿ. ಭೇಷ್.

ಫೋನ್ ಮಾಡಬಹುದಿತ್ತು. ಆದರೆ ಫೋನ್ ಇರುವುದು ಗಲ್ಲಾಪೆಟ್ಟಿಗೆಯ ಪಕ್ಕ, ನಾನು ಮಾತಾಡಿದ್ದರಲ್ಲಿ ನಿಂತವರಿಗೆಲ್ಲ ಪಾಲು. ಅಲ್ಲದೆ ನಾವಿಬ್ಬರು ಫೋನ್ ಹಿಡಿದರೆ ಮೂರನೆಯ ಮಾತಿಗೆ ಜಗಳ. ಕಾಗದದಲ್ಲಾದರೆ ನಾನು ಹೇಳುವುದನ್ನು ಕೊನೆತನಕ ಕೇಳಲೇಬೇಕು ನೀನು.

ನಿಮ್ಮ ಗಾಳಿ ಇಲ್ಲಿಗೂ ಬೀಸಿದೆ. ನಮ್ಮ ಪುರಸಭೆಯಲ್ಲೂ ಇಂಥದ್ದೇ ನಿಯಮ ತರಬೇಕೆಂದು ಇಬ್ಬರು ಸದಸ್ಯರು ಎದ್ದು ನಿಂತಿದ್ದಾರೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಂಗಡಿಯ ಬಾಗಿಲಿಗೆ ಬರುತ್ತೇನೆ, ರಸ್ತೆ ನೋಡುತ್ತೇನೆ, ಒಳಗೆ ಹೋಗುತ್ತೇನೆ, ಯಾಕೆ ಹೋದೆ ಎಂದು ಮರೆತು ಮತ್ತೆ ಬರುತ್ತೇನೆ. ನಿಮ್ಮ ಊರಿನ ಸೇತುವೆ ಪಕ್ಕದ ಅಂಗಡಿಯವನು ಇನ್ನು ಮೇಲೆ ಸಾದಾ ತಂಬಾಕು ಮಾತ್ರ ಸಾಕು ಎಂದು ಹೇಳಿ ಕಳಿಸಿದ್ದಾನೆ. ಊರವರೆಲ್ಲ 'ಮೂಗಯ್ಯ' ಎಂದು ಕರೆಯುವ ನಾನು ಈಗ ಬರೀ ಸೊಪ್ಪು ತುಂಬಿಸಿ ಕಳಿಸಬೇಕು.

ನಿಜ ಹೇಳು, ನನ್ನ ಅಂಗಡಿಗೂ ಕೈಗವಸು ಹಾಕಿಕೊಂಡು ಬರುತ್ತೀಯಾ?

ನಿನ್ನ ಅಪ್ಪ

ಇದು ಅಮ್ಮ ಬರೆಯುವುದು. ಕಾಗದದ ಕೆಳಗೆ ಜಾಗ ಉಳಿದಿತ್ತು. ಈಗ ನಿಮ್ಮಪ್ಪ ದಿನಾ ಬೆಳಿಗ್ಗೆ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಆ ವಾಸನೆಗೆ ತಲೆ ಸಿಡಿಯುತ್ತದೆ ಎಂದು ಮದುವೆಯಾದಾಗಿನಿಂದ ಅದರ ಹೊಸ್ತಿಲು ತುಳಿದವಳಲ್ಲ ನಾನು. ಈ ವಯಸ್ಸಿನಲ್ಲಿ ಏನು ಪ್ರೀತಿ ಉಕ್ಕಿತೋ ಗೊತ್ತಿಲ್ಲ. ನಿನ್ನ ಕೆಮ್ಮು ಕಡಿಮೆಯಾಯಿತಾ?


ಫೆಬ್ರವರಿ 26

ಅಪ್ಪ,

ಫೋಟೋದಲ್ಲಿ ಮುಖ ಗಂಟು ಹಾಕಿದ್ದಲ್ಲ, ಕೆಮ್ಮು ತಡೆದುಕೊಂಡು ನಿಂತಿದ್ದೆ. ಕಡಿಮೆಯಾಗಿದೆ ಎಂದು ಅಮ್ಮನಿಗೆ ಹೇಳಿ.

ನಿಮಗೆ ನಗು ಬರಬಹುದು, ನಮ್ಮ ಕೆಲಸವೂ ಮೂಗಿನದೇ. ಪ್ರಯೋಗಾಲಯದ ವರದಿ ಬರುವುದು ಯಾವ ಕಾಲಕ್ಕೋ. ಅಲ್ಲಿತನಕ ನಾವು ಮೂವರು ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಕೂತು ಒಂದೊಂದೇ ಡಬ್ಬಿ ಮೂಸುತ್ತೇವೆ. ಮೂವರೂ ಒಪ್ಪಿದರೆ ಮಾಲು ಮುಟ್ಟುಗೋಲು. ನಾನು ಯಾರ ಮಗಳೆಂದು ಗೊತ್ತಾದಾಗ ಜೊತೆಯವರು 'ಹಾಗಾದ್ರೆ ನಮಗೆ ಚಿಂತೆ ಇಲ್ಲ ಬಿಡಿ' ಎಂದಿದ್ದರು. ಈಗ ನೋಡಿದರೆ ಮೊದಲು ವಾಸನೆ ಹಿಡಿಯುವವಳು ನನ್ನ ಪಕ್ಕ ಕೂರುವ ಹುಡುಗಿ. ನಾನು ಎರಡು ಸಲ ಮೂಸಬೇಕು.

ಯಾಕೆ ಇಷ್ಟು ಪಟ್ಟು ಹಿಡಿದಿದ್ದೀರಿ ಎಂದು ಕೇಳುತ್ತೀರಿ ತಾನೆ? ಕಳೆದ ವಾರ ಒಂದು ಶಾಲೆಗೆ ಹೋಗಿದ್ದೆವು. ಹದಿಮೂರು ವರ್ಷದ ಹುಡುಗಿಯ ಕಂಪಾಸ್ ಪೆಟ್ಟಿಗೆಯಲ್ಲಿ ಪುದೀನ ತಂಬಾಕು, ಅದನ್ನು ಸುತ್ತಿ ಸೇದುವ ಕಾಗದ ಸಿಕ್ಕಿದವು. 'ಸಿಗರೇಟು ಅಂದ್ರೆ ನಂಗೆ ಆಗಲ್ಲ ಮಿಸ್, ಇದು ಬಾಯಿ ತಣ್ಣಗೆ ಮಾಡುತ್ತೆ ಅಷ್ಟೇ' ಎಂದಳು. ಬೈಯಬೇಕಾದವಳು ನಾನು. ಪೆಟ್ಟಿಗೆ ಖಾಲಿ ಮಾಡಿ ಅವಳ ಕೈಗೆ ಕೊಟ್ಟೆ, ಅಷ್ಟೇ. ಆ ವಯಸ್ಸಿನಲ್ಲಿ ನಾನು ನಿಮ್ಮ ಹಿಂದಿನ ಕೋಣೆಯಲ್ಲಿ ಜರಡಿ ಹಿಡಿದು ಕೂರುತ್ತಿದ್ದೆ, ನೆನಪಿದೆಯಾ? ಸಾದಾ ತಂಬಾಕಿಗೆ ಯಾವ ಮಗುವೂ ಎರಡನೆಯ ಸಲ ಬಾಯಿ ಹಾಕುವುದಿಲ್ಲ ಅಪ್ಪ. ನೀವು ಬೆರೆಸುವುದೇ ಎರಡನೆಯ ಸಲವನ್ನು.

ಬೆರೆಸುವುದನ್ನು ನಿಲ್ಲಿಸಿ. ನಿಯಮ ಬರುವ ಮೊದಲೇ ನೀವಾಗಿ ನಿಲ್ಲಿಸಿದರೆ ನಿಮ್ಮ ಗೌರವ ನಿಮ್ಮಲ್ಲೇ ಇರುತ್ತದೆ. ಇದನ್ನು ಬರೆಯುವಷ್ಟರಲ್ಲಿ ಹತ್ತು ಸಲ ಎದ್ದು ಕಿಟಕಿಯ ಹತ್ತಿರ ಹೋಗಿ ಬಂದಿದ್ದೇನೆ. ನಿಮ್ಮ ಚಡಪಡಿಕೆ ನನಗೂ ಬಂದಿದೆ.

ನಿಮ್ಮ ಪುಟ್ಟಿ


ಮಾರ್ಚ್ 15

ಪುಟ್ಟೀ,

ಎರಡು ಸಲ ಮೂಸಬೇಕಾ? ಮೂಗಯ್ಯನ ಮಗಳು? ಇದನ್ನು ಇನ್ನೊಬ್ಬರ ಮುಂದೆ ಹೇಳಬೇಡ ಮಾರಾಯ್ತಿ, ನನ್ನ ಮಾನ ಹೋಗುತ್ತದೆ.

ಆ ಹುಡುಗಿಯ ಕಥೆ ಓದಿದೆ. ಮಕ್ಕಳ ಕೈಗೆ ಮಾರುವವನನ್ನು ಹಿಡಿದು ಜೈಲಿಗೆ ಹಾಕಿ, ನಾನು ಬಂದು ಬೀಗ ಹಾಕುತ್ತೇನೆ. ನಾನು ಮಕ್ಕಳಿಗೆ ಮಾರಿದವನಲ್ಲ. ಆದರೆ ಪುದೀನದ ತಂಟೆಗೆ ಬರಬೇಡ. ಅದು ನನ್ನ ಹೆಮ್ಮೆ. ಬಾಟಲಿಯ ಎಸೆನ್ಸ್ ಸುರಿದು ಕಲಸುವವರು ನೂರು ಜನ ಇದ್ದಾರೆ. ನಾನು ಎಲೆಯನ್ನು ಹದವಾಗಿ ಬಿಸಿ ಮಾಡಿ, ಹಬೆಯಲ್ಲೇ ಪುದೀನ ಹಿಡಿಸುತ್ತೇನೆ. ಡಬ್ಬಿ ತೆರೆದರೆ ಬೇರೆಯವರದ್ದು ಮೂಗಿಗೆ ಹೊಡೆಯುತ್ತದೆ, ನನ್ನದು ಹತ್ತಿರ ಬಂದು ಕೂರುತ್ತದೆ.

ಸೇತುವೆ ಪಕ್ಕದವನ ಸಾದಾ ಮಾಲು ನಿನ್ನೆ ರೈಲಿಗೆ ಹಾಕಿಸಿದೆ. ಡಬ್ಬಿಗಳ ಮೇಲೆ ನನ್ನ ಕೈಯಲ್ಲೇ 'ಸಾದಾ' ಎಂದು ಬರೆದಿದ್ದೇನೆ, ನೋಡಿ ಸಂತೋಷಪಡು.

ಇಲ್ಲಿ ವರ್ತಕರ ಸಂಘದ ಅಧ್ಯಕ್ಷ ದಿನಾ ಬಂದು ತಲೆ ತಿನ್ನುತ್ತಾನೆ. ನಿನಗೆ ನೆನಪಿರಬೇಕು, ಮೈಕ್ ಇಲ್ಲದೆಯೇ ಬೀದಿಗೆಲ್ಲ ಕೇಳುವವನು, ಅದಕ್ಕೇ ನಾವೆಲ್ಲ 'ಗಂಟಲು' ಎನ್ನುತ್ತೇವೆ. ಮೇ ತಿಂಗಳಲ್ಲಿ ಪುರಸಭೆ ಜನರ ಅಭಿಪ್ರಾಯ ಕೇಳುತ್ತದಂತೆ. ಅಲ್ಲಿ ನನ್ನಿಂದ ಏನೋ ಮಾಡಿಸಬೇಕೆಂದು ಅವನ ಲೆಕ್ಕಾಚಾರ.

ನಿನ್ನ ಅಪ್ಪ

ಅಮ್ಮ. ನನಗೆ ವಾರದಿಂದ ವಿಪರೀತ ಶೀತ, ಮೂಗು ಪೂರ್ತಿ ಕಟ್ಟಿದೆ. ಮೊನ್ನೆ ಒಲೆಯ ಮೇಲೆ ಹಾಲಿಟ್ಟು ಮಲಗಿದ್ದೆ. ನಿಮ್ಮಪ್ಪ ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದರು. ಹಾಲು ಸೀದು ಪಾತ್ರೆ ಕಪ್ಪಾದರೂ ತಲೆ ಎತ್ತಲಿಲ್ಲ. ಬೈದರೆ, 'ಓದ್ತಿದ್ದೆ ಕಣೇ' ಎಂದರು.


ಏಪ್ರಿಲ್ 2

ಅಪ್ಪ,

ನಿನ್ನೆ ಸೇತುವೆ ಪಕ್ಕದ ಅಂಗಡಿಗೆ ಹೋಗಿದ್ದೆವು. ಶೆಲ್ಫಿನ ಮೇಲೆ ನಿಮ್ಮ ಕೈಬರಹ ದೂರದಿಂದಲೇ ಕಂಡಿತು. 'ಸಾದಾ' ಎಂಬುದರ ಕೊನೆಯಲ್ಲಿ ನೀವು ಎಳೆಯುವ ಆ ಬಾಲ. ನನಗೆ ಒಳಗೊಳಗೇ ಹೆಮ್ಮೆ. ಅಂಗಡಿಯವನು, 'ನಿಮ್ಮ ತಂದೆಯವರ ಮಾಲು ಮೇಡಂ, ಮೂಸೋದೇ ಬೇಡ' ಎಂದ. ನನ್ನ ಜೊತೆಯ ಹುಡುಗಿ ಸುಮ್ಮನೆ ನಿಯಮಕ್ಕೆಂದು ಮುಚ್ಚಳ ತೆಗೆದಳು. ತೆಗೆದವಳು ನನ್ನ ಮುಖ ನೋಡಿದಳು.

ಲವಂಗ. ನನಗೂ ಒಂದೇ ಸಲಕ್ಕೆ ಗೊತ್ತಾಗುವಷ್ಟು. ಒಂದರಲ್ಲಲ್ಲ, ಎಲ್ಲ ಡಬ್ಬಿಗಳಲ್ಲಿ.

ಏನಾಗಿರಬಹುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಲವಂಗ ಕಲಸಿದ ಡ್ರಮ್ಮಿನಲ್ಲೇ ಸಾದಾ ಸೊಪ್ಪು ಹಾಕಿದ್ದೀರಿ, ಡ್ರಮ್ಮಿನ ವಾಸನೆ ಹತ್ತಿದೆ, ಅಷ್ಟರಮಟ್ಟಿಗೆ ನನಗೂ ಅರ್ಥವಾಗುತ್ತದೆ. ಆದರೆ ಡ್ರಮ್ಮು ತೊಳೆದ ಮೇಲೆ ಅದರೊಳಗೆ ತಲೆ ಹಾಕಿ ಮೂಸದೆ ನೀವು ಎಂದೂ ಮಾಲು ತುಂಬಿದವರಲ್ಲ. ಚಿಕ್ಕವಳಿದ್ದಾಗ ಡ್ರಮ್ಮಿನೊಳಗಿಂದ ಬರುವ ನಿಮ್ಮ ದನಿ ಕೇಳಿ ನಗುತ್ತಿದ್ದವಳು ನಾನು. ಆ ಮೂಗಿಗೆ ಈ ಲವಂಗ ತಪ್ಪಿಹೋಯಿತು ಎಂದರೆ ಯಾರು ನಂಬುತ್ತಾರೆ? ಗೊತ್ತಿದ್ದೇ ಕಳಿಸಿದ್ದೀರಿ. ಮಗಳು ಅಲ್ಲೇ ಇದ್ದಾಳೆ, ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡಿರಾ? ಅಥವಾ ನಮ್ಮ ನಿಯಮವನ್ನು ಗೇಲಿ ಮಾಡಬೇಕಿತ್ತಾ?

ಮುಟ್ಟುಗೋಲಿನ ವರದಿಗೆ ನಾನೇ ಸಹಿ ಹಾಕಿದೆ. 'ಬೇರೆಯವರು ಹಾಕಲಿ ಬಿಡಿ' ಎಂದು ಮೇಲಿನವರು ಹೇಳಿದರು. ನಾನೇ ಹಾಕಿದೆ. ನೀವು ಹಟಮಾರಿ, ಬಾಯಿಬಡುಕರು, ಎಲ್ಲ ಸರಿ. ಆದರೆ ಕಳ್ಳರು ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಇವತ್ತು ಬೆಳಗಿನಿಂದ ಆಫೀಸಿನ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಸಾಕಾಯಿತು. ಯಾರ ಮುಖವನ್ನೂ ನೋಡಲಾಗಲಿಲ್ಲ.

ಏನಾದರೂ ಹೇಳಿ.

ಮಗಳು


ಏಪ್ರಿಲ್ 9

ಮಗಳೇ,

ಮಾಲು ನನ್ನದು. ಕೈಬರಹ ನನ್ನದು. ತುಂಬಿಸಿದ್ದು ನಾನೇ. ವ್ಯಾಪಾರ ಅಂದ ಮೇಲೆ ಇವೆಲ್ಲ ಇದ್ದದ್ದೇ. ನೀನು ಸಹಿ ಹಾಕಿದ್ದು ಸರಿ.

ಗಂಟಲು ತನ್ನ ಲೆಕ್ಕಾಚಾರವನ್ನು ಬಿಡಿಸಿ ಹೇಳಿದ್ದಾನೆ. ಮೇ ಹದಿನಾಲ್ಕರ ಸಭೆಯಲ್ಲಿ ಮೂರು ಡಬ್ಬಿ ಇಡುತ್ತಾನೆ. ನಾನು ಎಲ್ಲರೆದುರು ಮೂಸಿ, ಯಾವುದರಲ್ಲಿ ಏನಿದೆ ಎಂದು ಗೊತ್ತಾಗುತ್ತಿಲ್ಲ ಎನ್ನಬೇಕು. ಮೂಗಯ್ಯನಿಗೇ ಗೊತ್ತಾಗದ್ದು ಸರ್ಕಾರಿ ಮೂಗಿಗೆ ಗೊತ್ತಾಗುತ್ತದೆಯೇ ಎಂದು ಅವನು ಕೂಗಬೇಕು. ನಿಯಮ ಅಲ್ಲಿಗೆ ಮಲಗಬೇಕು. ನಾನು ಒಪ್ಪಿದ್ದೇನೆ.

ಹೇಗೂ ಕಳ್ಳ ಎಂದಾಯಿತಲ್ಲ.

ಅಪ್ಪ


ಏಪ್ರಿಲ್ 14

ಮಗಳಿಗೆ ಅಮ್ಮ ಬರೆಯುವುದು,

ನಿಮ್ಮಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ನೀನು ಅವರಿಗೆ ಬರೆದ ಆ ಮಾತನ್ನು ಓದಿದೆ. ಅಂದಿನಿಂದ ಅವರು ತಟ್ಟೆಯ ಮುಂದೆ ಕೂತು ಏಳುತ್ತಾರೆ. ಅವರನ್ನು ಬೈಯಬೇಡ. ತಪ್ಪು ನನ್ನ ಶೀತದ್ದು.

ಡ್ರಮ್ಮಿನೊಳಗೆ ತಲೆ ಹಾಕಿದ್ದು ನಾನು. 'ಏನಾದ್ರೂ ಬರ್ತಿದೆಯೇನೇ?' ಎಂದು ಕೇಳಿದರು. ಮೂಗು ಕಟ್ಟಿದವಳು ನಾನು, 'ಏನೂ ಇಲ್ಲ ರೀ' ಎಂದೆ. ಮೂಗು ಕಟ್ಟಿದೆ ಎಂದು ಹೇಳಬೇಕೆನ್ನುವ ಬುದ್ಧಿ ನನಗೂ ಬರಲಿಲ್ಲ, ಕೇಳಬೇಕೆನ್ನುವ ಬುದ್ಧಿ ಅವರಿಗೂ ಬರಲಿಲ್ಲ. ತುಂಬಿಸಿಬಿಟ್ಟರು.

ಅವರ ಮೂಗು ಹೋಗಿದೆ. ಎರಡು ವರ್ಷದ ಹಿಂದೆ ಆ ಜ್ವರ ಬಂದಿತ್ತಲ್ಲ, ಆಗಿನಿಂದ. ಇಷ್ಟು ದಿನ ಅಳತೆ ನೆನಪಿಟ್ಟುಕೊಂಡು ಬೆರೆಸುತ್ತಿದ್ದರು. ಗಿರಾಕಿಗಳು ಗೊಣಗಲು ಶುರು ಮಾಡಿದ ಮೇಲೆ ನನ್ನನ್ನು ಕರೆದರು. ಮೊದಮೊದಲು ನನಗೂ ಹೇಳಲಿಲ್ಲ. ಹಾಲು ಸೀದದ್ದನ್ನು ಆಮೇಲೆ ಕೂತು ಯೋಚಿಸಿದಾಗಲೇ ನನಗೆ ಅರ್ಥವಾದದ್ದು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಜ್ವರ ಒಂದು ನೆಪ, ಇಷ್ಟು ವರ್ಷ ಒಂದೊಂದು ಹದವನ್ನೂ ಸೇದಿ ಸೇದಿ ನೋಡಿದ್ದಕ್ಕೆ ಒಳಗೆಲ್ಲ ಮೊದಲೇ ಸವೆದಿದೆ, ಮತ್ತೆ ಬರುವುದು ಕಷ್ಟ ಎಂದರು. ಸೇದುವ ಯಾರಿಗಾದರೂ ಹೀಗಾಗಬಹುದಂತೆ. ಇದನ್ನು ನೀನು ಸರಿಯಾಗಿ ಓದು.

ಅಮ್ಮ


ಏಪ್ರಿಲ್ 20

ಅಪ್ಪ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡಿ.

ಕಳ್ಳ ಎಂದೆನಲ್ಲ, ಆ ಕಾಗದವನ್ನು ಹರಿದು ಒಲೆಗೆ ಹಾಕಿ. ನಿಮಗೆ ಒಂದೇ ಸಾಲು ಸಾಕಿತ್ತು, 'ನನಗೆ ವಾಸನೆ ಬರುವುದಿಲ್ಲ ಪುಟ್ಟಿ' ಎಂದು. ಅದನ್ನು ಬರೆಯುವುದಕ್ಕಿಂತ ಮಗಳ ಬಾಯಲ್ಲಿ ಕಳ್ಳ ಎನ್ನಿಸಿಕೊಳ್ಳುವುದು ಸುಲಭವಾಯಿತಾ ನಿಮಗೆ? ನನಗೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ, ಯಾವುದು ಮೊದಲು ಎಂದು ಗೊತ್ತಾಗುತ್ತಿಲ್ಲ. ಎರಡು ವರ್ಷ ಯಾರಿಗೂ ಹೇಳದೆ ಆ ಕೋಣೆಯಲ್ಲಿ ಹೇಗೆ ಕೂತಿರಿ?

ನಿಮ್ಮ ಸಭೆಗೆ ನಮ್ಮಲ್ಲಿಂದ ಒಬ್ಬರನ್ನು ಕರೆದಿದ್ದಾರೆ. ನಾನು ಬರುವ ಹಾಗಿಲ್ಲ, ನಿಮ್ಮ ಮಗಳೆಂದು ಬೇರೆಯವರನ್ನು ಕಳಿಸುತ್ತಿದ್ದಾರೆ. ನಿಮ್ಮ ಗುಟ್ಟು ನನ್ನ ಬಾಯಿಂದ ಹೊರಗೆ ಹೋಗುವುದಿಲ್ಲ. ನಿಮಗೆ ನಾನು ಏನೂ ಹೇಳಿಕೊಡುವುದೂ ಇಲ್ಲ. ಒಂದು ಮಾತು ಮಾತ್ರ. 'ಗೊತ್ತಾಗುತ್ತಿಲ್ಲ' ಎಂದು ಅಲ್ಲಿ ಹೇಳಿದರೆ ನೀವು ಸುಳ್ಳು ಹೇಳಿದ ಹಾಗಲ್ಲ. ಆದರೂ ಅಲ್ಲಿ ಕೂತ ಅಷ್ಟೂ ಜನ ಸುಳ್ಳನ್ನು ನಂಬಿ ಮನೆಗೆ ಹೋಗುತ್ತಾರೆ. ಆ ಕಂಪಾಸ್ ಪೆಟ್ಟಿಗೆಯ ಹುಡುಗಿ ಮೊನ್ನೆ ಮತ್ತೆ ಸಿಕ್ಕಿಬಿದ್ದಳು. ಬಿಡಲಾಗುತ್ತಿಲ್ಲವಂತೆ.

ನಿಮ್ಮ ಪುಟ್ಟಿ


ಮೇ 18

ಪುಟ್ಟೀ,

ಸಭೆ ಮುಗಿಯಿತು. ನಿಮ್ಮವರು ಬಂದು ವರದಿ ಒಪ್ಪಿಸಿರುತ್ತಾರೆ, ಆದರೂ ನನ್ನ ಬಾಯಿಂದ ಕೇಳು.

ಪುರಸಭೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಫ್ಯಾನುಗಳು ಗರಗರ ಎನ್ನುತ್ತಿದ್ದವು, ಮೈಕ್ ಕೆಟ್ಟಿತ್ತು, ಗಂಟಲಿಗೆ ಅದು ಬೇಕಾಗಿಯೂ ಇರಲಿಲ್ಲ. ನನ್ನನ್ನು ಮುಂದೆ ಕರೆದು ಕೂರಿಸಿದ. ಮೂರು ಡಬ್ಬಿ, ಮೇಲೆ ಒಂದು, ಎರಡು, ಮೂರು ಎಂದು ಚೀಟಿ. ಮೊದಲನೆಯದನ್ನು ಮೂಗಿನ ಹತ್ತಿರ ಹಿಡಿದೆ. ಏನಿಲ್ಲ. ಎರಡನೆಯದು, ಮೂರನೆಯದು, ಏನೂ ಇಲ್ಲ. ಖಾಲಿ ಲೋಟ ಹಿಡಿದ ಹಾಗೆ.

'ನನಗೆ ಗೊತ್ತಾಗ್ತಿಲ್ಲ' ಎಂದೆ. ನಮ್ಮವರೆಲ್ಲ ಚಪ್ಪಾಳೆ ಹೊಡೆದರು. ಗಂಟಲು ಕೈ ಎತ್ತಿಕೊಂಡು, 'ಕೇಳಿದ್ರಾ? ಮೂಗಯ್ಯನವರಿಗೇ ಗೊತ್ತಾಗ್ತಿಲ್ಲವಂತೆ!' ಎಂದು ಕೂಗಿದ.

'ಸ್ವಲ್ಪ ಕೂತ್ಕೊಳ್ಳಯ್ಯ, ನಂದಿನ್ನೂ ಮುಗಿದಿಲ್ಲ' ಎಂದೆ. 'ನನಗೆ ಎರಡು ವರ್ಷದಿಂದ ಯಾವ ವಾಸನೆನೂ ಗೊತ್ತಾಗ್ತಿಲ್ಲ. ಮನೇಲಿ ಹಾಲು ಸೀದ್ರೂ ಗೊತ್ತಾಗಲ್ಲ. ಕೆಟ್ಟಿರೋದು ನನ್ನ ಮೂಗು, ನಿಯಮ ಅಲ್ಲ. ಪಕ್ಕದೂರಲ್ಲಿ ಲವಂಗದ ಮಾಲು ಸಿಕ್ಕಿಬಿತ್ತಲ್ಲ, ಅದೂ ಇದೇ ಕಾರಣಕ್ಕೆ. ಬೇಕಾದ್ರೆ ನನ್ನ ಹೆಂಡ್ತೀನ ಕರೀರಿ. ಇಷ್ಟು ದಿನ ನನ್ನ ಬದಲು ಮೂಸ್ತಿದ್ದವಳು ಅವಳು.'

ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಿಮ್ಮಮ್ಮ ಎದ್ದಳು. ಜನರನ್ನು ಸರಿಸಿಕೊಂಡು ಬಂದಳು, ನನ್ನನ್ನು ದುರುಗುಟ್ಟಿ ನೋಡಿದಳು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಎರಡನೆಯ ಡಬ್ಬಿ ಎತ್ತಿದಳು. 'ಇದು ಹಲ್ಲುನೋವಿಗೆ ಹಚ್ಕೊಳ್ಳೋ ಎಣ್ಣೆ.' ಮೂರನೆಯದು. 'ಇದು ಬರೀ ಹೊಗೆಸೊಪ್ಪು. ನನಗೆ ತಲೆನೋವು ತರೋದು ಇದೇನೆ.' ಜನ ನಕ್ಕರು. ಮೊದಲನೆಯದನ್ನು ಮೂಸಿದಳು. ಡಬ್ಬಿಯನ್ನು ಕೈಯಲ್ಲೇ ಇಟ್ಟುಕೊಂಡು ನನ್ನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, 'ಟೂತ್‌ಪೇಸ್ಟು' ಎಂದಳು.

ಯಾವುದರಲ್ಲಿ ಏನಿದೆ ಎಂದು ಬರೆದಿಟ್ಟಿದ್ದ ಚೀಟಿ ಬಿಡಿಸಿ ನೋಡಿದರು. ಪುದೀನ, ಲವಂಗ, ಸಾದಾ, ಮೂರೂ ಸರಿ. ತಂಬಾಕೆಂದರೆ ಮೂಗು ಮುರಿಯುವ ಹೆಂಗಸು ಹೇಳಬಲ್ಲಳು ಎಂದ ಮೇಲೆ ಯಾರು ಬೇಕಾದರೂ ಹೇಳಬಲ್ಲರು ಎಂದು ಪುರಸಭೆಯ ಅಧ್ಯಕ್ಷೆ ನಕ್ಕರು. ನಿಯಮ ಪಾಸಾಯಿತು. ಗಂಟಲು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಕಿವಿಗೆ ವಿಶ್ರಾಂತಿ.

ಮೊದಲ ಡಬ್ಬಿಯ ಮುಂದೆ ಅವಳು ಯಾಕೆ ನಿಂತಳು ಎಂದು ನೀನು ಕೇಳುವುದಿಲ್ಲ. ನಿನಗೆ ಗೊತ್ತು.

ನಿನ್ನ ಏಪ್ರಿಲ್ ಇಪ್ಪತ್ತರ ಕಾಗದ ಬಂದ ದಿನ ಅವಳು ಕವರ್ ಒಡೆದು, ಕನ್ನಡಕ ಹುಡುಕುವ ಮೊದಲೇ ಅದನ್ನು ಮೂಗಿಗೆ ಹಿಡಿದಳು. ಹಿಂದಿನ ಕೋಣೆಯಲ್ಲಿ ನಾನು ಕಲಿಸಿದ ಚಾಳಿ. 'ಇದೂ ಹಾಗೇ ಇದೆ' ಎಂದಳು. ಏನು ಹಾಗೇ ಇದೆ ಎಂದು ಕೇಳಿದೆ.

'ಏನ್ ನಾಟಕ ಆಡ್ತೀರಿ? ನಿಮ್ಮ ಪುದೀನ. ಅವಳು ಆ ಊರಿಗೆ ಹೋದಾಗಿನಿಂದ ಪ್ರತಿ ಕಾಗದದಲ್ಲೂ ಇದೆ. ಮೂಗು ಇದ್ದಾಗಲೇ ನಿಮಗೆ ಗೊತ್ತಿತ್ತಲ್ಲ. ನಾನೇ ಯಾಕೆ ಬಾಯಿ ಬಿಡಲಿ ಅಂತ ಸುಮ್ಮನಿದ್ದೆ.'

ಗೊತ್ತಿರಲಿಲ್ಲ ಪುಟ್ಟೀ. ಮೂಗು ಇದ್ದಾಗ ನಿನ್ನ ಕಾಗದ ಬಿಡಿಸಿದರೆ ಪುದೀನದ ವಾಸನೆ ಬರುತ್ತಿತ್ತು, ನಿಜ. ಅದು ನನ್ನ ಕೈಯದು ಎಂದುಕೊಂಡೆ. ಬೆಳಗಿನಿಂದ ಸಂಜೆಯತನಕ ಅದರಲ್ಲೇ ಮುಳುಗಿದ ಕೈ, ಬೇರೆ ಯೋಚನೆ ಬರಲೇ ಇಲ್ಲ. ನನಗೆ ಗೊತ್ತಿದೆ ಎಂದು ಅವಳು ಸುಮ್ಮನಿದ್ದಳು. ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಮೂಗೇ ಹೋಯಿತು. ಜರಡಿ ಹಿಡಿದು ಕೂರುತ್ತಿದ್ದವಳನ್ನು 'ಒಂದು ಚಿಟಿಕೆಯೂ ಕೆಳಗೆ ಬೀಳಬಾರದು' ಎಂದು ಗದರುತ್ತಿದ್ದೆ. ಆ ಚಿಟಿಕೆ ನಿನ್ನ ಕೈಯಿಂದ ಎಲ್ಲಿಗೆ ಹೋಗುತ್ತದೆಂದು ನೋಡಬೇಕಾದವನು ನಾನು, ನೋಡಲಿಲ್ಲ. ಮಕ್ಕಳಿಗೆ ಮಾರಿದವನಲ್ಲ ಎಂದು ಎಷ್ಟು ಜೋರಾಗಿ ಬರೆದಿದ್ದೆ ನಿನಗೆ.

ಬೆರೆಸಿಟ್ಟ ಮಾಲನ್ನೆಲ್ಲ ಪುರಸಭೆಯವರಿಗೆ ಒಪ್ಪಿಸಿದೆ. ಡ್ರಮ್ಮನ್ನು ಬಿಸಿನೀರಿನಲ್ಲಿ ಎಷ್ಟು ತೊಳೆದರೂ ಇನ್ನೂ ಬರುತ್ತಿದೆ ಎನ್ನುತ್ತಾಳೆ ನಿಮ್ಮಮ್ಮ. ನಾಳೆ ಮತ್ತೆ ತೊಳೆಯುತ್ತೇನೆ. ನಿನಗೆ ಬಿಡು ಎಂದು ಹೇಳುವ ಮುಖ ನನಗಿಲ್ಲ. ಆದರೂ ಹೇಳುತ್ತೇನೆ. ಬಿಡು ಪುಟ್ಟೀ. ನನಗೆ ಹೋದದ್ದು ನಿನಗೆ ಹೋಗಬಾರದು.

ಅಪ್ಪ


ಅಕ್ಟೋಬರ್ 6

ಅಪ್ಪ,

ಬೇಸಿಗೆಯಿಂದ ಬರೆಯಲಿಲ್ಲವೆಂದು ನೀವಿಬ್ಬರೂ ತಲೆ ಕೆಡಿಸಿಕೊಂಡಿರುತ್ತೀರಿ. ಬರೆಯದೆ ಇರಲಿಲ್ಲ, ಬರೆದದ್ದನ್ನೆಲ್ಲ ಹರಿದು ಹಾಕಿದೆ. ಅವು ಕಳಿಸುವ ಹಾಗಿರಲಿಲ್ಲ.

ಪೆನ್ನಿನ ಮುಚ್ಚಳಗಳನ್ನೆಲ್ಲ ಕಚ್ಚಿ ಹಾಳು ಮಾಡಿದ್ದೇನೆ. ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗುತ್ತೇನೆ. ಕಂಪಾಸ್ ಪೆಟ್ಟಿಗೆಯ ಹುಡುಗಿಯೂ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಅವಳು ನನಗಿಂತ ಗಟ್ಟಿ. ನಾನು ಎರಡು ಸಲ ಎಡವಿ ಮತ್ತೆ ಮೊದಲಿಂದ ಶುರು ಮಾಡಿದೆ. ಮೊನ್ನೆ ಆಫೀಸಿನಲ್ಲಿ ಒಂದು ಡಬ್ಬಿಯ ಮುಚ್ಚಳ ತೆಗೆದಾಗ ಜೊತೆಯವಳಿಗಿಂತ ಮೊದಲು ನಾನು 'ಕಿತ್ತಳೆ' ಎಂದೆ.

ಹೆಚ್ಚು ಬರೆಯುವುದಿಲ್ಲ. ಓದಿದ ಮೇಲೆ ಈ ಕಾಗದವನ್ನು ಅಮ್ಮನ ಕೈಗೆ ಕೊಡಿ. ಮೂಸಿ ನೋಡಲಿ.

ನಿಮ್ಮ ಪುಟ್ಟಿ